ಮೂಲೆ ಮುಚ್ಚದ ಕೌದಿ

"ತಿಂಗಳ ತುಂಬಿ ಹುಟ್ಟಿದ್ದೇನವಾ ಇದು, ಇಲ್ಲಾ ಮೊದಲ ಹುಟ್ಟಿತ್ತೋ?"

ಡಾಕ್ಟರ್ ಬಾಯಿ, ಆ ಹೆಣ್ಣು ಡಾಕ್ಟರು, ಹೀಗೆ ಕೇಳಿದಾಗ ಮುತ್ತವ್ವನ ಕಣ್ಣು ಹೋದದ್ದು ಡಾಕ್ಟರ ಕಡೆಗಲ್ಲ, ಬೆಂಚಿನ ಮೇಲೆ ಕೂತಿದ್ದ ಸಾವಕ್ಕನ ಕಡೆಗೆ. ಸಾವಕ್ಕ ನೆರೆಮನೆಯವಳು, ವಯಸ್ಸಿನಲ್ಲಿ ಮುತ್ತವ್ವನ ತಾಯಿಯಂಥವಳು. ಎರಡೂ ಕೈಯಿಂದ ಮುತ್ತವ್ವನ ಮಗಳು ಕಸ್ತೂರಿಯ ಸೊಂಟವನ್ನು ಗಟ್ಟಿಯಾಗಿ ಅವುಚಿಕೊಂಡಿದ್ದಳು. ಎಂಟು ವರ್ಷದ ಕಸ್ತೂರಿ ಆ ಕೋಣೆಯೊಳಗೆ ಬಂದು ಮಹಾ ಎಷ್ಟು ಹೊತ್ತಾಗಿತ್ತು! ಅಷ್ಟರಲ್ಲೇ ಮೇಜಿನ ಮೇಲಿನ ಗಂಟೆ ಬಾರಿಸಿದ್ದಳು, ತೂಕದ ಯಂತ್ರ ಹತ್ತಿ ಇಳಿದಿದ್ದಳು, ಕಿಟಕಿಯ ಪರದೆಯನ್ನು ಮೈಗೆ ಸುತ್ತಿಕೊಂಡು ಅರ್ಧ ಕಿತ್ತಿದ್ದಳು. ಹೊರಗೆ ಪಾಳಿಗೆ ಕಾಯುತ್ತಿದ್ದ ಜನ ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದರು.

"ತುಂಬಿತ್ರಿ ಬಾಯಾರ," ಎಂದಳು ಮುತ್ತವ್ವ.

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. ಮಿರಜದಿಂದ ತಿಂಗಳಿಗೊಮ್ಮೆ ಭಾನುವಾರ ಜಮಖಂಡಿಗೆ ಬಂದು ಮಕ್ಕಳನ್ನು ನೋಡಿ ಹೋಗುವ ಹೆಂಗಸು ಆಕೆ, ಅವಸರವಿದ್ದರೂ ತೋರಗೊಡಲಿಲ್ಲ.

"ನೆನಸ್ಕೊಂಡು ಹೇಳವಾ. ತಿಂಗಳ ತುಂಬದ ಹುಟ್ಟಿದ ಕೂಸುಗಳೊಳಗ ಕೆಲವಕ್ಕ ಬೆಳದ ಮ್ಯಾಲೆ ಹಿಂಗ ಆಗತೈತಿ. ಒಂದ ಕಡೆ ಕುಂಡ್ರೂದಿಲ್ಲ, ಒಂದ ಮಾತು ಪೂರಾ ಕೇಳೂದಿಲ್ಲ. ಅದು ಕೂಸಿನ ತಪ್ಪೂ ಅಲ್ಲ, ಹಡದಾಕಿ ತಪ್ಪೂ ಅಲ್ಲ. ಅಂಥಾ ಮಕ್ಕಳನ್ನ ನಡಸೂ ರೀತೀನ ಬ್ಯಾರೆ. ಅದಕ್ಕ ಕೇಳಾಕತ್ತೇನಿ."

ಇಷ್ಟು ಬಿಡಿಸಿ ಹೇಳಿದ ಮೇಲೆ ಇನ್ನೇನು ಬೇಕು? ಒಂದೇ ಒಂದು ಮಾತು, 'ಏಳಕ್ಕ ಹುಟ್ಟಿದ್ದರಿ' ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆ ಮಾತು ಮುತ್ತವ್ವನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಸಾವಕ್ಕ ಅಲ್ಲೇ ಇದ್ದಳಲ್ಲ, ಕಿವಿ ಇದ್ದ ಸಾವಕ್ಕ, ಇಡೀ ಓಣಿಯ ಬಾಯಿಯಂಥ ಸಾವಕ್ಕ! ಬಂದ ಮಾತನ್ನು ಮುತ್ತವ್ವ ನುಂಗಿಕೊಂಡಳು. ಸುಳ್ಳು ಹೇಳುವವರು ಒಂದಕ್ಕೇ ನಿಲ್ಲಿಸಬೇಕು, ಆ ಜಾಣತನವೂ ಪಾಪ ಅವಳಿಗೆ ಇರಲಿಲ್ಲ.

"ಒಂಬತ್ತ ತುಂಬಿ ಮ್ಯಾಲೆ ವಾರಾಗಿತ್ರಿ. ಹುಟ್ಟಿದ ಕೂಡ್ಲೆ ಹೊಳೀ ದಂಡಿಗೆ ಕೇಳೂಹಂಗ ಅತ್ತಾಳ್ರಿ."

ಸಾವಕ್ಕ ನೆಲ ನೋಡಿದಳು. ಅವಳ ಕೈ ಸಡಿಲಾಯಿತೋ ಏನೋ, ಕಸ್ತೂರಿ ಜಾರಿಕೊಂಡು ಮತ್ತೆ ಗಂಟೆ ಬಾರಿಸಿದಳು.

"ಹಂಗಾರ ಹುಟ್ಟಿನ ಕಡಿಂದ ಏನೂ ಇಲ್ಲ," ಎಂದರು ಡಾಕ್ಟರ್ ಬಾಯಿ. "ಮನ್ಯಾಗ ಸಲಗಿ ಹೆಚ್ಚಾಗಿರಬೇಕು. ಸ್ವಲ್ಪ ಬಿಗಿ ಹಿಡೀರಿ. ಮುಂದಿನ ತಿಂಗಳ ಮತ್ತ ಕರಕೊಂಡ ಬರ್ರಿ, ನೋಡೂಣು."

ರಬಕವಿಯ ಬಸ್ಸಿನಲ್ಲಿ ಕಸ್ತೂರಿಯನ್ನು ಇಬ್ಬರ ನಡುವೆ ಕೂಡಿಸಿಕೊಂಡರು. ಕೂಡಿಸಿಕೊಂಡರು ಅನ್ನುವುದು ಬರೀ ಮಾತಿಗೆ. ಹುಡುಗಿ ಕಿಟಕಿಯಿಂದ ಕೈ ಚಾಚುವಳು, ಸೀಟಿನ ಮೇಲೆ ನಿಲ್ಲುವಳು, 'ಅವ್ವಾ ಅಲ್ಲಿ ಒಂಟಿ ನೋಡ' ಎಂದು ತೋರಿಸಿ, ಒಂಟೆಯನ್ನು ಯಾರಾದರೂ ನೋಡುವ ಮೊದಲೇ ತಾನು ಮರೆತು ಮತ್ತೊಂದಕ್ಕೆ ಹಾರುವಳು. ಮುಂದಿನ ಸೀಟಿನ ಮುದುಕನ ರುಮಾಲನ್ನು ಹಿಂದಿನಿಂದ ಎಳೆದೇಬಿಟ್ಟಳು. ರುಮಾಲು ಬಿಚ್ಚಿಕೊಂಡು ಮುದುಕನ ಹೆಗಲಿಗೆ ಬಂತು, ಬಸ್ಸೆಲ್ಲ ನಕ್ಕಿತು.

"ಹಡದಾಕಿಗೆ ಬುದ್ಧಿ ಇದ್ದಿದ್ರ ಮಕ್ಕಳಿಗೆ ಬರತಿತ್ತು," ಎಂದ ಮುದುಕ.

"ಹಡದಾಕಿ ಏನ ಮಾಡ್ಯಾಳೋ ಯಪ್ಪಾ ನಿನಗ? ಸುತ್ತಿಕೋ ಸುಮ್ನ," ಎಂದು ಸಾವಕ್ಕ ಅವನ ಬಾಯಿ ಮುಚ್ಚಿಸಿದಳು.

ಅವಳು ಹಾಗೆ ತನ್ನ ಪರ ನಿಂತದ್ದೇ ಮುತ್ತವ್ವನಿಗೆ ಇನ್ನಷ್ಟು ಚುಚ್ಚಿತು. ಈ ಹುಡುಗಿಯನ್ನು ಬಸ್ಸಿನಲ್ಲಿ ಒಬ್ಬರೇ ಹಿಡಿಯುವುದಾಗದು ಎಂದು, ಯಾರೂ ಕರೆಯದೆ ತಾನೇ ಬಂದವಳು ಸಾವಕ್ಕ. ಹಿಂದಿನ ವಾರವಷ್ಟೇ ಅವಳ ಮನೆಯ ಹಾಸು, ಗಂಜಿ ಹಚ್ಚಲೆಂದು ಓಣಿಯುದ್ದ ಚಾಚಿದ್ದ ನೂಲು, ಕಸ್ತೂರಿ ಅದರ ನಡುವೆ ಓಡಿ ಎಷ್ಟೋ ಎಳೆ ಹರಿದಿದ್ದಳು. ಸಾವಕ್ಕ ಕೂತು ಒಂದೊಂದೇ ಎಳೆ ಹಚ್ಚಿದಳೇ ಹೊರತು ಒಂದು ಮಾತು ಅನ್ನಲಿಲ್ಲ. ಸಾಲೆಯ ಮಾಸ್ತರು ಮಾತ್ರ ಅಂದೇಬಿಟ್ಟಿದ್ದರು: ಕೂತುಕೊಳ್ಳುವುದು ಕಲಿಸಿ ಕಳಿಸಿರಿ, ಇಲ್ಲದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿರಿ.

ಹೀಗೆಲ್ಲ ಇದ್ದ ಸಾವಕ್ಕನ ಮೇಲೆ ಮುತ್ತವ್ವನಿಗೆ ಒಂದು ಹಳೆಯ ಸಿಟ್ಟೂ ಇತ್ತು. ಆ ಓಣಿಯಲ್ಲಿ ಕೂಸು ಹುಟ್ಟುವುದಿದ್ದರೆ ಮನೆಮನೆಯಿಂದ ಹಳೇ ಸೀರೆಯ ತುಂಡುಗಳು ಸಾವಕ್ಕನ ಮನೆಗೆ ಹೋಗುತ್ತಿದ್ದವು. ಅವಳು ಅವನ್ನೆಲ್ಲ ಕೂಡಿಸಿ ಕೌದಿ ಹೊಲಿಯುತ್ತಿದ್ದಳು, ಆ ಕೌದಿ ಹಾಸಿಯೇ ಕೂಸನ್ನು ತೊಟ್ಟಿಲಿಗೆ ಹಾಕುವುದು. ಕಸ್ತೂರಿಗೆ ಮಾತ್ರ ಕೌದಿ ಬರಲಿಲ್ಲ. "ಕಣ್ಣ ಮಂಜಾಗ್ಯಾವ ಮುತ್ತವ್ವಾ, ಸೂಜಿ ಪೋಣಸಾಕ ಬರವಲ್ದು" ಅಂದಿದ್ದಳು ಸಾವಕ್ಕ. ಮರುವರ್ಷ ಅದೇ ಕಣ್ಣಿನಿಂದ ಓಣಿಯ ತುದಿಮನೆಯ ಶಿವವ್ವನ ಮಗಳಿಗೆ ಅಂದದ ಕೌದಿ ಹೊಲಿದು ಕೊಟ್ಟಳು. ಮುತ್ತವ್ವ ಅದನ್ನು ಮರೆತಿರಲಿಲ್ಲ.

ಈಗ ಆ ಏಳು ತಿಂಗಳ ಮಾತು. ಮುತ್ತವ್ವನ ಮದುವೆಯಾದದ್ದು ಬಸವ ಜಯಂತಿಯ ಮುಂದೆ. ಬಸುರಿಯ ಕುಬಸ ಮಾಡಿಸಿಕೊಂಡು ತವರುಮನೆ ಗಲಗಲಿಗೆ ಹೋದವಳು ಏಳು ತಿಂಗಳಿಗೆ, ಛಟ್ಟಿ ಅಮಾವಾಸ್ಯೆಗೇ ಹಡೆದುಬಿಟ್ಟಳು. ಕೂಸು ಅಳಲಿಲ್ಲ. ಸೂಲಗಿತ್ತಿ ಮುಖಕ್ಕೆ ನೀರು ಚಿಮುಕಿಸಿ, ಬೆನ್ನು ತಟ್ಟಿ, ಬಾಯಿಗೆ ಬಾಯಿಟ್ಟು ಊದಿದ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು. ಒಂದು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಅರಳೆಯಲ್ಲಿ ಸುತ್ತಿ, ಬದಿಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು, ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಹನಿಹನಿಯಾಗಿ ಕುಡಿಸಿದರು. ಸುದ್ದಿ ತಿಳಿದು ಅತ್ತೆ ಮುದಕವ್ವ ಒಬ್ಬಳೇ ಬಂದಳು. ಕೂಸನ್ನು ನೋಡಿದಳು, ಸೊಸೆಯನ್ನು ನೋಡಿದಳು, ಆಮೇಲೆ ಬಾಗಿಲು ಮುಂದೆ ಮಾಡಿ ಬೀಗಿತ್ತಿಯ ಕೈ ಹಿಡಿದು ಹೇಳಿದಳು:

"ಲಗ್ನಾಗಿ ಏಳ ತಿಂಗಳ. ಖರೇನ ಮೊದಲ ಹುಟ್ಟೇತಿ ಅಂದ್ರ ಯಾರ ನಂಬತಾರು? ನಮ್ಮ ಓಣಿ ಮಂದಿ ಬಟ್ಟ ಮಡಚಿ ತಿಂಗಳ ಎಣಸ್ತಾರ. ಕೂಸ ಉಳೀತಂದ್ರ ಶಿವರಾತ್ರಿ ಮುಂದ ಹುಟ್ಟೇತಿ ಅಂತ ಸಕ್ಕರಿ ಹಂಚೂಣು. ಅಲ್ಲಿತನಕ ಯಾರೂ ಬಾಯಿ ಬಿಡಬ್ಯಾಡ್ರಿ. ನನ್ನ ಮಗಗೂ ಬ್ಯಾಡ, ಗಂಡಸರ ಬಾಯಿ ಕಟ್ಟೀ ಮ್ಯಾಲ ತಡಿಯೂದಿಲ್ಲ."

ಚೊಚ್ಚಲ ಬಾಣಂತಿ, ಹತ್ತೊಂಬತ್ತರ ಹುಡುಗಿ, ಏನು ಹೇಳಿಯಾಳು? ಹೂಂ ಅಂದಳು. ಕೂಸು ಉಳಿಯಿತು. ಯುಗಾದಿ ದಾಟಿ ರಬಕವಿಗೆ ಕರೆತಂದು ತೊಟ್ಟಿಲಿಗೆ ಹಾಕಿದಾಗ ಅದಕ್ಕೆ ಖರೆ ನಾಲ್ಕು ತಿಂಗಳು, ಓಣಿಯ ಪಾಲಿಗೆ ಒಂದು ತಿಂಗಳು. ಕೂಸು ಎಷ್ಟು ಸಣ್ಣದಿತ್ತೆಂದರೆ ಯಾರಿಗೂ ಅನುಮಾನ ಬರಲಿಲ್ಲ. ಹಾಗೆಂದು ಮುತ್ತವ್ವ ಇಷ್ಟು ವರ್ಷ ನಂಬಿಕೊಂಡಿದ್ದಳು.

ಮನೆಗೆ ಬಂದಾಗ ಗಂಡ ಶಿದ್ರಾಮಪ್ಪ ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯುತ್ತಿದ್ದ. ಲಾಳಿ ನಿಲ್ಲಿಸಿ, "ಏನಂದ್ರು?" ಎಂದು ಕೇಳಿದ.

"ಹುಟ್ಟಿನ ಕಡಿಂದ ಏನೂ ಇಲ್ಲಂತ," ಎಂದಳು ಮುತ್ತವ್ವ. "ಬಿಗಿ ಹಿಡೀರಿ ಅಂದ್ರು."

ಮೂಲೆಯಲ್ಲಿ ರಾಟೆ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದಕವ್ವ ತಲೆ ಎತ್ತಿ ಸೊಸೆಯನ್ನು ನೋಡಿದಳು. ರಾಟೆ ಮತ್ತೆ ತಿರುಗಿತು.

ಶಿದ್ರಾಮಪ್ಪ ಕೆಟ್ಟ ಮನುಷ್ಯನಲ್ಲ. ಮಗಳ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಆದರೆ ಮಾಸ್ತರು ಅಂದದ್ದು, ಓಣಿಯವರು ಅನ್ನದೆ ಬಿಟ್ಟದ್ದು, ಎಲ್ಲ ಸೇರಿ ಅವನನ್ನು ಒಳಗೇ ತಿಂದಿತ್ತು. ಮರುದಿನ ಬೆಳಿಗ್ಗೆ ಕಸ್ತೂರಿ ಗಂಜಿಯ ಗಡಿಗೆ ಉರುಳಿಸಿದ್ದೇ ನೆಪವಾಯಿತು. ಹಳೆಯ ಸೀರೆಯಿಂದ ಹರಿದ ಅಂಚಿನ ಪಟ್ಟಿ, ಒಂದು ದಡಿ, ತಂದು, ಮಗಳ ಕಾಲಿಗೆ ಒಂದು ತುದಿ, ಮಗ್ಗದ ಕಂಬಕ್ಕೆ ಒಂದು ತುದಿ ಕಟ್ಟಿದ. "ನಾಕ ದಿನ ಕುಂತ್ರ ರೂಢಿ ಆಗತೈತಿ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ.

ಕಸ್ತೂರಿ ಮೊದಲು ಅದನ್ನು ಆಟವೆಂದುಕೊಂಡಳು. ದಡಿಯುದ್ದ ಓಡಿ, ಜಗ್ಗಿ ಬಿದ್ದು, ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಅಳು ಬಂತು. ಸಂಜೆಗೆ ಅಳುವುದನ್ನೂ ಮರೆತು ಕಂಬವನ್ನು ಉಗುರಿನಿಂದ ಕೆರೆಯುತ್ತ ಕೂತಳು. ರೊಟ್ಟಿ ತಿನ್ನಿಸಲು ಹೋದ ತಾಯಿಯನ್ನು ಕೇಳಿದಳು:

"ಅವ್ವಾ, ಕಟ್ಟ ಅಂತ ಡಾಕ್ಟರ್ ಬಾಯಿ ಹೇಳಿದ್ರೇನ?"

ಮುತ್ತವ್ವ ರೊಟ್ಟಿಯನ್ನು ಅಲ್ಲೇ ಇಟ್ಟು ಎದ್ದಳು. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಡಾಕ್ಟರ್ ಬಾಯಿ ಹೇಳಿರಲಿಲ್ಲ, ಹೇಳಿಸಿದವಳು ತಾನು. ತನ್ನ ಮಾನ ಉಳಿಸಿಕೊಳ್ಳಲು ಮಗಳ ಕಾಲಿಗೆ ಹಗ್ಗ ಹಾಕಿಸಿದವಳು ತಾನು. ಇದು ಗೊತ್ತಿದ್ದೂ ಹೊರಗೆ ಬಂದು ಬಾಯಿ ಬಿಡುವ ಧೈರ್ಯ ಬರಲಿಲ್ಲ. ಗಂಡನಿಗೆ ಹೇಗೆ ಹೇಳುವುದು? ಎಂಟು ವರ್ಷ ಮುಚ್ಚಿಟ್ಟವಳು ಇನ್ನೇನೇನು ಮುಚ್ಚಿಟ್ಟಿದ್ದಾಳೋ ಅಂದರೆ? ಕೂಸು ನನ್ನದು ಹೌದೋ ಅಲ್ಲವೋ ಅಂದುಬಿಟ್ಟರೆ? ಹೀಗೇ ಯೋಚಿಸುತ್ತ ಎರಡು ದಿನ ಕಳೆದವು, ದಡಿ ಬಿಚ್ಚಲಿಲ್ಲ.

ಮೂರನೆಯ ದಿನ ಸಾವಕ್ಕ ಒಂದು ಬಟ್ಟಲಲ್ಲಿ ಕುದಿಸಿದ ಶೇಂಗಾ ಹಿಡಿದು ಬಂದಳು. "ಎಲ್ಲಿ ಹೋದಳೋ ನಮ್ಮ ಕಸ್ತೂರಿ, ಎರಡ ದಿನಾತು ಓಣಿ ಬರೇ ಬರೇ ಅನಸಾಕತ್ತೇತಿ," ಎನ್ನುತ್ತ ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು.

"ಸಾವಕ್ಕಾಯಿ, ನಾ ಈಗ ಆಕಳ ಆಗೇನಿ ನೋಡ," ಎಂದಳು ಕಸ್ತೂರಿ. ಕಾಲೆತ್ತಿ ದಡಿ ತೋರಿಸಿ, "ಅಂಬಾ" ಎಂದು ಕೂಗಿದಳು. ಹಿಮ್ಮಡಿಯ ಮೇಲೆ ಚರ್ಮ ಕಿತ್ತು ಕೆಂಪಾಗಿತ್ತು.

"ಯಾರ ಕಟ್ಟಿದ್ದು?"

"ನಾನ," ಎಂದ ಶಿದ್ರಾಮಪ್ಪ ಮಗ್ಗದಿಂದ ಏಳದೆ. "ಬಿಗಿ ಹಿಡೀರಿ ಅಂದಾರಲ್ಲ. ನೀನೂ ಅಲ್ಲೇ ಇದ್ದಿ."

"ಬಿಗಿ ಅಂದ್ರ ಕಟ್ಟೂದೇನೋ ಶಿದ್ರಾಮಾ? ಮನಶ್ಯಾ ಅದಿಯೋ ಏನೋ?"

"ಮತ್ತೇನ ಮಾಡ್ಲಿ ಹೇಳ ಸಾವಕ್ಕಾ!" ಅವನು ಲಾಳಿಯನ್ನು ಕೈಯಲ್ಲೇ ಹಿಡಿದು ತಿರುಗಿದ. "ಏನರ ಕೊರತಿ ಐತಿ ಅಂದಿದ್ರ ತಲೀ ಮ್ಯಾಲ ಹೊತ್ತ ತಿರಗತಿದ್ನಿ. ತಿಂಗಳ ತುಂಬಿ ಹುಟ್ಟಿದ ಕೂಸು, ಏನೂ ಕೊರತಿ ಇಲ್ಲ ಅಂದ್ರಂತ. ಕೊರತಿ ಇಲ್ಲಂದ ಮ್ಯಾಲ ಇದು ಸೊಕ್ಕಲ್ಲದ ಮತ್ತೇನು?"

"ತುಂಬಿರಲಿಲ್ರಿ."

ಯಾರು ಅಂದದ್ದೆಂದು ಒಂದು ಕ್ಷಣ ಮುತ್ತವ್ವನಿಗೇ ತಿಳಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಮುತ್ತವ್ವಾ, ಬಾಯಿ ಮುಚ್ಚ," ಎಂದಳು ಮುದಕವ್ವ.

"ಇಲ್ಲತ್ತಿ, ಇಷ್ಟ ದಿನಾ ಮುಚ್ಚಿದ್ದ ಸಾಕಾತು. ಏಳಕ್ಕ ಹುಟ್ಟಿದ್ದರಿ ಅದು. ಛಟ್ಟಿ ಅಮಾಸಿಗೆ ಹುಟ್ಟೇತಿ, ಶಿವರಾತ್ರಿಗಲ್ಲ. ಅತ್ತಿರಲಿಲ್ಲ. ಸತ್ತ ಹುಟ್ಟೇತಿ ಅಂತ ನಮ್ಮವ್ವ ಎದಿ ಬಡಕೊಂಡಿದ್ಲು. ಡಾಕ್ಟರ್ ಬಾಯಿ ಎರಡ ಸಲ ಕೇಳಿದ್ರು, ಎರಡೂ ಸಲ ಸುಳ್ಳ ಹೇಳಿದ್ನಿ. ಸಾವಕ್ಕ ಕುಂತಾಳಂತ ಹೇಳಿದ್ನಿ. ಕಟ್ಟೂದಿದ್ರ ನನ್ನ ಕಟ್ಟರಿ, ಆಕಿನ್ನ ಬಿಡ್ರಿ."

ಲಾಳಿ ಶಿದ್ರಾಮಪ್ಪನ ಕೈಯಿಂದ ಜಾರಿ ಕುಣಿಯೊಳಗೆ ಬಿತ್ತು. ಅವನು ಹೆಂಡತಿಯನ್ನು ನೋಡಿದ, ಆಮೇಲೆ ತಾಯಿಯನ್ನು ನೋಡಿದ.

"ನನಗೂ ಹೇಳಲಿಲ್ಲ ನೀವು?"

ಮುದಕವ್ವ ರಾಟೆಯ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಅಷ್ಟು ಗಟ್ಟಿ ಹೆಂಗಸು ಒಂದೇ ಗಳಿಗೆಯಲ್ಲಿ ಮುದುಕಿಯಾಗಿ ಕಂಡಳು. "ನಾನ ಬ್ಯಾಡಂದಿದ್ನಿ. ನಾ ಹೋಗಿ ನೋಡೇನಿ, ಈ ಕೈಲೆ ಅರಳಿ ಸುತ್ತೇನಿ. ಆಕೀದೇನೂ ತಪ್ಪಿಲ್ಲ. ಮಂದಿ ಏನಂದಾರು ಅಂತ... ನನಗ ಮಂದೀ ಅಂಜಿಕಿ ಇತ್ತಪಾ."

ಶಿದ್ರಾಮಪ್ಪ ಕುಣಿಯಿಂದ ಎದ್ದು ಬಂದು ಮಗಳ ಕಾಲ ಹತ್ತಿರ ಕುಕ್ಕುರಗಾಲಲ್ಲಿ ಕೂತ. ನೇಕಾರನ ಕೈಯ ಗಂಟು, ಎರಡು ದಿನ ಜಗ್ಗಿ ಜಗ್ಗಿ ಕಲ್ಲಾಗಿತ್ತು. ಬೆರಳಿನಿಂದ ಬಿಚ್ಚಲಾಗಲಿಲ್ಲ. ಬಾಗಿ ಹಲ್ಲಿನಿಂದ ಬಿಚ್ಚಿದ. ಬಿಚ್ಚಿದ್ದೇ ತಡ ಕಸ್ತೂರಿ ಓಣಿಗೆ ಓಡಿದಳು. ಅವನು ಅಲ್ಲೇ ನೆಲ ನೋಡುತ್ತ ಕೂತ.

ಸಾವಕ್ಕ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು.

"ಖರೇನ ಏಳಕ್ಕ ಹುಟ್ಟಿತ್ತೇನ ಮುತ್ತವ್ವಾ?"

"ಮಲ್ಲಯ್ಯನ ಆಣಿ, ಸಾವಕ್ಕಾ."

"ತೊಟ್ಟಲದಾಗ ಹಾಕಿದ ದಿನಾ ಆ ಕೂಸ ನನ್ನ ಮಾರಿ ನೋಡಿ ನಕ್ಕಿತ್ತು," ಎಂದಳು ಸಾವಕ್ಕ. "ಒಂದ ತಿಂಗಳ ಕೂಸ ಎಲ್ಲೆರ ನಗತೈತೇನ? ನಾ ಒಬ್ಬಾಕೆ ಅಲ್ಲ, ಎಲ್ಲಾರೂ ನೋಡಿದ್ರು. ಎಲ್ಲಾರೂ ಎಣಿಸಿದ್ರು. ಆದ್ರ ನಾವು... ನಾವು ಬ್ಯಾರೆ ತಿಳಕೊಂಡ್ವಿ ಯವ್ವಾ. ಲಗ್ನಕ್ಕ ಮೊದಲ ಆಗಿದ್ದಂತ ತಿಳಕೊಂಡ್ವಿ. ಹೆಂಗರ ಇರಲಿ, ಸಂಸಾರ ನಡದೈತಲ್ಲ ಅಂತ ಸುಮ್ನಾದ್ವಿ."

ಮುತ್ತವ್ವನಿಗೆ ಮೈಯೆಲ್ಲ ಹತ್ತಿ ಉರಿದ ಹಾಗಾಯಿತು. ಎಂಟು ವರ್ಷ! ನಳದ ಹತ್ತಿರ, ಮದುವೆ ಮನೆಗಳಲ್ಲಿ, ಉಡಿ ತುಂಬುವಾಗ, ಇವರೆಲ್ಲ ತನ್ನನ್ನು ನಗುತ್ತ ಮಾತಾಡಿಸಿದ್ದು ಆ ಒಂದು ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು. ತಾನು ಮುಚ್ಚಿಟ್ಟೆನೆಂದುಕೊಂಡದ್ದು ಎಲ್ಲರಿಗೂ ಕಂಡಿತ್ತು, ಕಾಣಬೇಕಾದದ್ದು ಮಾತ್ರ ಯಾರಿಗೂ ಕಂಡಿರಲಿಲ್ಲ. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದಳು. ಸಾವಕ್ಕ ಶೇಂಗಾದ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು, ಗೋಡೆ ಹಿಡಿದುಕೊಂಡು ಎದ್ದು ಹೋದಳು.

ಆಮೇಲಿನ ದಿನಗಳು ಕಷ್ಟದವು. ಶಿದ್ರಾಮಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ, "ಅಂಗೈಯಷ್ಟ ಇತ್ತೇನ?" ಎಂದು ಕೇಳಿದ. ಮುತ್ತವ್ವ ತನ್ನ ಅಂಗೈ ಚಾಚಿ ತೋರಿಸಿದಳು. ಅವನು ಅದನ್ನು ಬಹಳ ಹೊತ್ತು ನೋಡಿದ. "ನಾನೂ ನೋಡತಿದ್ನಿ," ಎಂದ, ಅಷ್ಟೇ. ಅವಳು ಅಂಜಿದ್ದ ಮಾತನ್ನು ಅವನು ಅವತ್ತೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ.

ಸಾವಕ್ಕ ಮಾತ್ರ ಈ ಕಡೆ ಸುಳಿಯಲಿಲ್ಲ. ಮುತ್ತವ್ವ ನಳಕ್ಕೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಹಬ್ಬಿಬಿಟ್ಟಿದೆ, ಇನ್ನು ಈ ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಮುಗಿಯಿತು ಎಂದುಕೊಂಡಳು. ಒಂದು ದಿನ ಎಲ್ಲರೂ ಹೋದ ಮೇಲೆ ನೀರಿಗೆ ಬಂದರೆ ಶಿವವ್ವ ಒಬ್ಬಳೇ ನಿಂತಿದ್ದಳು. ಕೊಡ ತುಂಬಿದ್ದರೂ ಹೋಗದೆ ನಿಂತಿದ್ದಳು.

"ನಮ್ಮ ಹುಡಿಗಿ ತಾಯವ್ವ ಎಂಟಕ್ಕ ಹುಟ್ಟಿದಾಕಿ," ಎಂದಳು ಪಿಸುದನಿಯಲ್ಲಿ. "ಆಕೀನೂ ಕುಂಡ್ರೂದಿಲ್ಲ. ನಾ ಬಡಿದ ಬಡಿದ ಕುಂಡ್ರಸ್ತೇನಿ. ಮಂದಿಗೆ ಕೇಳಬಾರದಂತ ಬಾಗಲಾ ಮುಚ್ಚಿ ಬಡೀತೇನಿ. ಮುತ್ತವ್ವಾ, ಅದು ಕೂಸಿನ ತಪ್ಪಲ್ಲ ಅಂದ್ರಂತಲ್ಲ, ಖರೇನ ಅಂದ್ರೇನ ಆ ಡಾಕ್ಟರು?"

"ಅಂದ್ರು," ಎಂದಳು ಮುತ್ತವ್ವ. "ಹಡದಾಕಿ ತಪ್ಪೂ ಅಲ್ಲಂತ."

ಶಿವವ್ವ ಕೊಡವನ್ನು ಹಾಗೇ ಬಿಟ್ಟು ನಳದ ಕಟ್ಟೆಯ ಮೇಲೆ ಕೂತು ಅತ್ತಳು.

ಮುಂದಿನ ತಿಂಗಳ ಭಾನುವಾರ ಮುತ್ತವ್ವ ಮಗಳ ರಟ್ಟೆ ಹಿಡಿದು ಬಸ್ ನಿಲ್ದಾಣಕ್ಕೆ ಬಂದಾಗ ಅಲ್ಲಿ ಶಿವವ್ವ ತಾಯವ್ವನನ್ನು ಕರೆದುಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ಸಾವಕ್ಕ. ಮುತ್ತವ್ವನನ್ನು ನೇರ ನೋಡಲಾರದೆ ಬಸ್ಸು ಬರುವ ದಿಕ್ಕನ್ನು ನೋಡುತ್ತ, "ಹಿಡಿಯಾಕ ಇಬ್ಬರ ಬೇಕಲ್ಲ," ಎಂದಳು.

ಡಾಕ್ಟರ್ ಬಾಯಿ ಏನೂ ಕೇಳುವ ಮೊದಲೇ ಮುತ್ತವ್ವ ಹೇಳಿಬಿಟ್ಟಳು. "ಏಳಕ್ಕ ಹುಟ್ಟಿದ್ದರಿ. ಹೋದ ಸಲ ಸುಳ್ಳ ಹೇಳಿದ್ನಿರಿ." ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಳು. ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ಕೆಡುಕೆನಿಸುತ್ತಿರಲಿಲ್ಲ. ಕಸ್ತೂರಿಯ ಕಾಲಿನ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಎಲ್ಲ ಬಿಡಿಸಿ ಹೇಳಿದರು. ಕಟ್ಟಬಾರದು, ಬಡಿಯಬಾರದು. ಒಂದು ಸಲಕ್ಕೆ ಒಂದೇ ಸಣ್ಣ ಕೆಲಸ ಹೇಳಬೇಕು, ಅದು ಮುಗಿದರೆ ಶಾಬಾಸ್ ಅನ್ನಬೇಕು. ಕೂಡಿಸುವ ಮೊದಲು ಓಡಲು ಬಿಡಬೇಕು. ಸಾಲೆಯಲ್ಲಿ ಮುಂದೆ ಕೂಡಿಸಲು ಹೇಳಬೇಕು. ತಟ್ಟನೆ ಸುಧಾರಿಸುವುದಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ.

"ಒಬ್ಬ ತಾಯಿ ಕೈಲೆ ಆಗೂ ಕೆಲಸಲ್ಲ ಇದು," ಎಂದರು ಕೊನೆಗೆ. "ನಿಮ್ಮ ಓಣ್ಯಾಗ ಯಾರರ ಅದಾರೇನು?"

ಮುತ್ತವ್ವ ಮಗಳ ರಟ್ಟೆಯನ್ನು ಇನ್ನಷ್ಟು ಬಿಗಿ ಹಿಡಿದಳು.

"ಅದೇವ್ರಿ," ಎಂದಳು ಸಾವಕ್ಕ ಬೆಂಚಿನಿಂದ.

ಇದ್ದರು. ಶಿವವ್ವನ ಗಂಡನೂ ಸಾವಕ್ಕನೂ ಸಾಲೆಗೆ ಹೋಗಿ ಮಾಸ್ತರ ಜೊತೆ ಜಗಳವಾಡಿ, ಇಬ್ಬರೂ ಹುಡುಗಿಯರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ ಬಂದರು. ಸಾಲೆ ಬಿಟ್ಟ ಮೇಲೆ ಕಸ್ತೂರಿ ಒಂದು ದಿನ ಒಬ್ಬರ ಮನೆ, ಮರುದಿನ ಇನ್ನೊಬ್ಬರ ಮನೆ. ಮುತ್ತವ್ವನಿಗೆ ಸಂಜೆ ನಿಶ್ಚಿಂತೆಯಿಂದ ಒಂದು ಹೊತ್ತು ರೊಟ್ಟಿ ಬಡಿಯುವುದಕ್ಕೆ ಪುರಸೊತ್ತು ಸಿಕ್ಕಿತು. ಹಾಗೆಂದು ಹುಡುಗಿ ಬದಲಾಗಿಬಿಟ್ಟಳೇನು? ಎಲ್ಲಿಯ ಮಾತು! ಹಾಸಿನ ಎಳೆ ಮತ್ತೆ ಹರಿದಳು, ಒಬ್ಬರ ಮನೆಯ ಕನ್ನಡಿ ಒಡೆದಳು. ಬೈಯುವವರು ಬೈದರು, ಬೈದು ಕಸ ಗುಡಿಸಿ, ಮರುದಿನ ಅವರೇ "ಎಲ್ಲಿ ಆ ಬಿರುಗಾಳಿ, ಕಳಸ್ರಿ" ಅಂದರು. ಮುತ್ತವ್ವನಿಗೆ ಇದು ಸುಲಭವಾಗಿ ಒಗ್ಗಲಿಲ್ಲ. ಮಗಳನ್ನು ಇನ್ನೊಬ್ಬರ ಬಾಗಿಲಲ್ಲಿ ಬಿಡುವಾಗಲೆಲ್ಲ ಮುಖ ಕೆಂಪಾಗುತ್ತಿತ್ತು. ಈ ಮನೆಯವರೂ ಅಂದು ಬೆರಳು ಮಡಚಿ ಎಣಿಸಿದವರೇ ಅನ್ನುವುದು ನೆನಪಾಗುತ್ತಿತ್ತು. ಅವರಿಗೂ ನೆನಪಾಗುತ್ತಿತ್ತೇನೋ, ಕಣ್ಣು ತಪ್ಪಿಸಿಯೇ ಹುಡುಗಿಯನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಸಾವಕ್ಕ ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಮುತ್ತವ್ವನ ಕಟ್ಟೆಗೆ ಬಂದಳು. ಗಂಟು ಬಿಚ್ಚಿದರೆ ಒಂದು ಪುಟ್ಟ ಕೌದಿ, ತೊಟ್ಟಿಲಿನ ಅಳತೆಯದು. ಟ್ರಂಕಿನ ತಳದಲ್ಲಿದ್ದು ಮಡಿಕೆಗಳು ಗೆರೆಗಟ್ಟಿದ್ದವು, ಬಣ್ಣ ಮಾತ್ರ ನಿನ್ನೆಯದರ ಹಾಗಿತ್ತು. ಮುತ್ತವ್ವನ ಮದುವೆಯ ಕಾಲದ ಓಣಿಯ ಸೀರೆಗಳೆಲ್ಲ ಅದರಲ್ಲಿದ್ದವು. ಮೂರು ಮೂಲೆ ಮುಚ್ಚಿತ್ತು. ನಾಲ್ಕನೆಯದರ ಬಾಯಿ ತೆರೆದೇ ಇತ್ತು.

"ಕುಬಸ ಆದ ಮರುದಿನಾನ ಹಿಡದಿದ್ನಿ ಇದನ್ನ," ಎಂದಳು ಸಾವಕ್ಕ. "ತೊಟ್ಟಲ ದಿನಾ ಮುಂಜಾನಿ ಮುಗಸೂದು ಅಂತ ಇಟ್ಟಿದ್ನಿ. ಅವತ್ತ ಅದಕ್ಕೂ ಮೊದಲ ಮಾರಿ ನೋಡಾಕ ಬಂದ್ನಿ, ಕೂಸ ನಕ್ಕಿತು. ಮನಿಗೆ ಬಂದು ಮಡಚಿ ಇಟ್ಟಬಿಟ್ನಿ."

ಮುತ್ತವ್ವ ಕೌದಿಯನ್ನು ಸವರಿದಳು. ತೆರೆದ ಮೂಲೆಯೊಳಗೆ ಬೆರಳಿಟ್ಟು ನೋಡಿದಳು. "ಈಗ ಆಕಿ ಮೊಳಕಾಲಿಗೂ ಬರೂದಿಲ್ಲ ಸಾವಕ್ಕಾ," ಅಂದಳು.

"ಸುತ್ತ ಹಚ್ಚೂಣು. ಅದೇನ ದೊಡ್ಡ ಮಾತು."

ಶಿವವ್ವ ಬಂದಳು, ಇನ್ನಿಬ್ಬರು ಮೂವರು ಹೆಂಗಸರು ಬಂದರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹಳೇ ಸೀರೆ. ಒಳಗಿನಿಂದ ಮುದಕವ್ವ ಆ ದಡಿಯನ್ನು, ಕಸ್ತೂರಿಯ ಕಾಲಿಗೆ ಕಟ್ಟಿದ್ದನ್ನು, ತಂದು ರಾಶಿಯ ಮೇಲೆ ಇಟ್ಟಳು. ಸಾವಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಬದಿಗೆ ಹಾಕಿ, "ಇದು ಬ್ಯಾಡ, ಒಲೀಗೆ ಹಾಕ," ಅಂದಳು. ಮುದಕವ್ವ ಎದ್ದು ಹೋಗಿ ಒಲೆಗೆ ಹಾಕಿ ಬಂದು, ಕೌದಿಯ ಒಂದು ಅಂಚು ಹಿಡಿದು ಕೂತಳು. ಕಸ್ತೂರಿಯೂ ತಾಯವ್ವನೂ ಕೌದಿಯ ಮೇಲೇ ಓಡಿ, ದಾರದುಂಡೆ ಉರುಳಿಸಿ, ಸೂಜಿ ಚುಚ್ಚಿಸಿಕೊಂಡು, ಅತ್ತು, ಮರೆತು, ಮತ್ತೆ ಓಡಿದರು. ಹಾಗೂ ಹೀಗೂ ಬೇಸಿಗೆ ಮುಗಿಯುವ ಹೊತ್ತಿಗೆ ಕೌದಿ ಎಂಟು ವರ್ಷದ ಹುಡುಗಿಯ ತಲೆಯಿಂದ ಪಾದದವರೆಗೆ ಮುಚ್ಚುವಷ್ಟು ಬೆಳೆಯಿತು.

ಕೊನೆಯ ಮೂಲೆ ಮುಚ್ಚುವ ದಿನ ಮುತ್ತವ್ವ ಹೋಳಿಗೆ ಮಾಡಿದಳು. ಕೌದಿಯ ಹೊಟ್ಟೆ ಹಸಿದಿರಬಾರದೆಂದು ಮುಚ್ಚುವ ಮೊದಲು ಆ ಮೂಲೆಯೊಳಗೆ ಒಂದು ತುಣುಕು ಹೋಳಿಗೆ ಇಡುವುದು ಅಲ್ಲಿಯ ರೂಢಿ. ತುಣುಕನ್ನು ತಟ್ಟೆಯಲ್ಲಿಟ್ಟು ಸಾವಕ್ಕನ ಮುಂದೆ ಇಡುವುದೇ ತಡ, ಎಲ್ಲಿದ್ದಳೋ ಕಸ್ತೂರಿ, ಬಂದವಳೇ ಎತ್ತಿ ಬಾಯಿಗೆ ಹಾಕಿಕೊಂಡಳು.

"ಏ ಹುಚ್ಚೀ, ಅದು ಕೌದೀದ ಬೇ!" ಎಂದು ಮುದಕವ್ವ ಚೀರಿದಳು.

"ತಿನ್ನಲಿ ಬಿಡ," ಎಂದಳು ಸಾವಕ್ಕ. "ಮೊದಲ ಆಕೀದು."

ಕಸ್ತೂರಿ ಅರ್ಧ ಕಚ್ಚಿ ನಿಂತಳು. ಎಲ್ಲರ ಮುಖ ನೋಡಿದಳು. ಏನೆನಿಸಿತೋ, ಹಲ್ಲಿನ ಗುರುತಿದ್ದ ಉಳಿದರ್ಧವನ್ನು ತಾನೇ ಬಾಗಿ ಕೌದಿಯ ಮೂಲೆಯೊಳಗೆ ತುರುಕಿ, ಎಣ್ಣೆಯ ಕೈಯನ್ನು ಸಾವಕ್ಕನ ಸೀರೆಗೆ ಒರೆಸಿ, ಓಣಿಯ ಆ ತುದಿಗೆ ಓಡಿಹೋದಳು.

ಸಾವಕ್ಕ ಸೂಜಿ ಎತ್ತಿಕೊಂಡಳು. ದಾರದ ತುದಿಯನ್ನು ನಾಲಿಗೆಗೆ ತಗುಲಿಸಿ ಸೂಜಿಯ ಕಣ್ಣಿಗೆ ಹಿಡಿದಳು, ತಪ್ಪಿತು. ಮತ್ತೆ ಹಿಡಿದಳು, ಮತ್ತೆ ತಪ್ಪಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಣ್ಣ ಮಂಜಾಗ್ಯಾವ ಮುತ್ತವ್ವಾ," ಎಂದಳು.

ಮುತ್ತವ್ವ ಅವಳ ಕೈಯಿಂದ ಸೂಜಿ ತೆಗೆದುಕೊಂಡಳು. ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಮುಖ ನೋಡದೆ ತಿರುಗಿ ಅವಳ ಕೈಗೆ ಕೊಟ್ಟಳು.